ಎಂಜಲು ಗಾಳಿ

2019ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲಾ ಮಕ್ಕಳ ಬ್ಯಾಗನ್ನು ತಕ್ಕಡಿಗೆ ಹಾಕಿತು. ಒಂದು ಮತ್ತು ಎರಡನೇ ತರಗತಿಯ ಮಗುವಿನ ಬ್ಯಾಗು 2 ಕೆಜಿ ಮೀರಬಾರದು, ಮೂರರಿಂದ ಐದನೇ ತರಗತಿಯವರೆಗೆ 3 ಕೆಜಿ ದಾಟಬಾರದು ಎಂದು ಸುತ್ತೋಲೆ ಹೊರಟಿತು. ಒಳ್ಳೆಯ ಸುತ್ತೋಲೆ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ತಕ್ಕಡಿಗೆ ಏರದೇ ಉಳಿದ ಇನ್ನೊಂದು ವಸ್ತುವಿನ ಬಗ್ಗೆ. ಎಂಟು ವರ್ಷದ ಮಗು ಗಂಟೆಗೆ ಸುಮಾರು ಅರ್ಧ ಘನ ಮೀಟರ್ ಗಾಳಿಯನ್ನು ಉಸಿರಾಡುತ್ತದೆ. ಶಾಲೆಯ ಆರು ಗಂಟೆಗೆ ಮೂರು ಘನ ಮೀಟರ್. ಗಾಳಿಗೂ ತೂಕವಿದೆ. ಮೂರು ಘನ ಮೀಟರ್ ಎಂದರೆ 3 ಕೆಜಿಗೂ ಹೆಚ್ಚು. ಬೆನ್ನ ಮೇಲೆ ಹೊತ್ತು ತಂದ ಪುಸ್ತಕಗಳಷ್ಟೇ ತೂಕದ ಗಾಳಿಯನ್ನು ಮಗು ದಿನವೂ ಶಾಲೆಯಲ್ಲಿ ಎದೆಯೊಳಗೆ ಎಳೆದುಕೊಳ್ಳುತ್ತದೆ. ಬ್ಯಾಗನ್ನು ಮನೆಗೆ ಬಂದ ಕೂಡಲೇ ಮೂಲೆಗೆ ಎಸೆಯಬಹುದು. ಶ್ವಾಸಕೋಶಕ್ಕೆ ಹೋದದ್ದನ್ನು ಹಾಗೆ ಎಸೆಯಲು ಬರುವುದಿಲ್ಲ.

ಈ ಗಾಳಿಗೆ ಜವಾಬ್ದಾರರು ಯಾರು? ನನ್ನ ವಾದ ಸರಳವಾಗಿದೆ. ಶಾಲೆ ಎನ್ನುವುದು ಮಗು ತಾನಾಗಿ ಆರಿಸಿಕೊಂಡ ಜಾಗವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದೆ. ಅದೇ ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ ವರ್ಷಕ್ಕೆ 800 ಗಂಟೆ, ಆರರಿಂದ ಎಂಟರವರೆಗೆ ವರ್ಷಕ್ಕೆ 1,000 ಗಂಟೆ ಬೋಧನೆ ನಡೆಯಬೇಕು. ಕೂಡಿಸಿ ನೋಡಿ, ಎಂಟು ವರ್ಷಕ್ಕೆ 7,000 ಗಂಟೆ. ಇಷ್ಟು ಹೊತ್ತು ಒಂದು ಕೋಣೆಯಲ್ಲಿ ಕೂರಲೇಬೇಕು ಎಂದು ಹೇಳುವ ಕಾನೂನಿಗೆ ಆ ಕೋಣೆಯಲ್ಲಿ ಏನನ್ನು ಉಸಿರಾಡಬೇಕು ಎಂದು ಹೇಳುವ ಹೊಣೆಯೂ ಇರುತ್ತದೆ. ಆದರೆ ಕಾಯ್ದೆಯ ಅನುಸೂಚಿಯನ್ನು ತೆರೆದು ಓದಿ. ಶಿಕ್ಷಕರಿಗೊಂದು ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಾಂಪೌಂಡು ಎಲ್ಲವೂ ಇದೆ. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ ಬೇಕು ಎಂದೂ ಇದೆ. ಹೊರಗಿನ ಹವೆಯನ್ನು ತಡೆಯುವ ಬಗ್ಗೆ ಯೋಚಿಸಿದವರು ಒಳಗಿನ ಹವೆಯ ಬಗ್ಗೆ ಒಂದಕ್ಷರ ಬರೆದಿಲ್ಲ.

ಒಂದು ಲೆಕ್ಕ ಮಾಡೋಣ. ಪೆನ್ಸಿಲ್ ಕಾಗದ ಸಾಕು. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ. ಒಳಗೆ ನಲವತ್ತು ಮಕ್ಕಳು, ಒಬ್ಬರು ಟೀಚರ್. ಕೂತಿರುವ ಒಂದು ಮಗು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಟೀಚರದ್ದೂ ಸೇರಿದರೆ ಗಂಟೆಗೆ 500 ಲೀಟರ್. ಕೋಣೆಯ ಒಟ್ಟು ಗಾತ್ರ ಸುಮಾರು 1,13,000 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಇಂದು ಹತ್ತು ಲಕ್ಷ ಭಾಗಕ್ಕೆ 420 ಭಾಗದಷ್ಟಿದೆ. ಬಾಗಿಲು ಕಿಟಕಿ ಪೂರ್ತಿ ಮುಚ್ಚಿದ್ದರೆ ಕೋಣೆಯೊಳಗೆ ಅದು ನಿಮಿಷಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಏರುತ್ತದೆ. ಹಾಜರಿ ಕರೆದು ಮುಗಿಸುವಷ್ಟರಲ್ಲಿ, ಅಂದರೆ ಎಂಟು ನಿಮಿಷದಲ್ಲಿ, 1,000 ದಾಟುತ್ತದೆ. ನಲವತ್ತು ನಿಮಿಷದ ಪೀರಿಯಡ್ಡು ಮುಗಿಯುವ ಹೊತ್ತಿಗೆ 3,000 ದಾಟಿರುತ್ತದೆ. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಬಂದು ಹೋಗುವುದರಿಂದ ನಿಜವಾದ ಕೋಣೆಯಲ್ಲಿ ಏರಿಕೆ ಇದಕ್ಕಿಂತ ನಿಧಾನ, ಒಪ್ಪೋಣ. ಆದರೆ ಪಾಠವೂ ಒಂದೇ ಪೀರಿಯಡ್ಡಿಗೆ ಮುಗಿಯುವುದಿಲ್ಲ.

ಈ ಅಂಕಿಗೆ ಇನ್ನೊಂದು ಅರ್ಥವಿದೆ. ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು ನೂರಕ್ಕೆ ನಾಲ್ಕು ಭಾಗ, ಅಂದರೆ ಹತ್ತು ಲಕ್ಷಕ್ಕೆ 40,000. ಕೋಣೆಯ ಗಾಳಿಯಲ್ಲಿ ಅದು ಹೊರಗಿನದಕ್ಕಿಂತ 3,000 ಹೆಚ್ಚಾಗಿದ್ದರೆ, ಮಗು ಎಳೆದುಕೊಳ್ಳುವ ಪ್ರತಿ ಹದಿಮೂರು ಉಸಿರಿನಲ್ಲಿ ಒಂದು ಈಗಾಗಲೇ ಇನ್ನೊಬ್ಬರ ಎದೆಯೊಳಗೆ ಹೋಗಿ ಬಂದದ್ದು ಎಂದಾಯಿತು. ಇಂಥದ್ದಕ್ಕೆ ಕನ್ನಡದಲ್ಲಿ ಒಳ್ಳೆಯ ಪದವಿದೆ: ಎಂಜಲು.

ಈ ಪದವನ್ನು ನಾನು ಮಡಿಯ ಅರ್ಥದಲ್ಲಿ ಬಳಸುತ್ತಿಲ್ಲ, ಮಡಿಯ ಲೆಕ್ಕಾಚಾರ ಎಷ್ಟು ಪೊಳ್ಳು ಎಂದು ತೋರಿಸಲು ಬಳಸುತ್ತಿದ್ದೇನೆ. ಲೋಟ ಕಚ್ಚಿ ಕುಡಿದರೆ ಬೈಯುವ, ಕಚ್ಚಿದ ಮಾವಿನಕಾಯಿಯನ್ನು ಗೆಳೆಯನಿಗೆ ಕೊಟ್ಟರೆ ಕಣ್ಣು ಕೆಂಪು ಮಾಡುವ ಸಮಾಜ ನಮ್ಮದು. ದಲಿತ ಮಹಿಳೆ ಬೇಯಿಸಿದ ಬಿಸಿಯೂಟವನ್ನು ತಮ್ಮ ಮಕ್ಕಳು ಉಣ್ಣಕೂಡದು ಎಂದು ಪೋಷಕರು ಹಟ ಹಿಡಿದ ಸುದ್ದಿ ಇವತ್ತಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಅನ್ನದ ತಟ್ಟೆಯ ಸುತ್ತ ಇಷ್ಟು ದೊಡ್ಡ ಗೋಡೆ ಕಟ್ಟಿದವರು, ಊಟ ಮುಗಿದ ಮೇಲೆ ಅದೇ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಒಬ್ಬರ ಉಸಿರನ್ನೊಬ್ಬರು ಉಣ್ಣುವುದನ್ನು ಗಮನಿಸಿಯೇ ಇಲ್ಲ. ಮುಟ್ಟಿದರೆ ಏನೂ ಆಗದ ಕಡೆ ಎಂಜಲು ಕಂಡರು. ನಿಜವಾಗಿ ರೋಗ ಹರಡುವ ಕಡೆ ಕಾಣಲಿಲ್ಲ.

ಇದೇನು ಮೊನ್ನೆ ಮೊನ್ನೆ ಸಿಕ್ಕ ತಿಳಿವಳಿಕೆಯೂ ಅಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ ಮನೆ, ಶಾಲೆಗಳ ಒಳಗಾಳಿಯನ್ನು ಅಳೆದು, ಇಂಗಾಲದ ಡೈಆಕ್ಸೈಡು ಸಾವಿರಕ್ಕೆ ಒಂದು ಭಾಗ ದಾಟಿದ ಕೋಣೆ ವಾಸಕ್ಕೆ ತಕ್ಕದ್ದಲ್ಲ ಎಂದ. ಇಂದಿನ ಭಾಷೆಯಲ್ಲಿ ಅದೇ 1,000. ಆ ಮಟ್ಟದಲ್ಲಿ ಈ ಅನಿಲ ವಿಷ ಎಂದು ಅವನು ಹೇಳಲಿಲ್ಲ. ಮನುಷ್ಯರ ಮೈ ಮತ್ತು ಉಸಿರಿನಿಂದ ಹೊರಟ ಬೇರೆಲ್ಲ ಕೊಳೆ ಎಷ್ಟು ಸೇರಿದೆ ಎಂದು ಹೇಳುವ ಸೂಚಕ ಅದು ಎಂದ. ಹಾಲಿನಲ್ಲಿ ಲ್ಯಾಕ್ಟೋಮೀಟರ್ ಇದ್ದ ಹಾಗೆ. ಅದರ ಮರುವರ್ಷ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ಮೊದಲ ನಿಯಮವಾಗಿ ಇಟ್ಟದ್ದು ಔಷಧಿಯನ್ನಲ್ಲ, ಒಳಗಾಳಿ ಹೊರಗಾಳಿಯಷ್ಟೇ ಶುದ್ಧವಾಗಿರಬೇಕು ಎಂಬುದನ್ನು. ನೂರ ಅರವತ್ತು ವರ್ಷ ದಾಟಿದ ಮಾತುಗಳಿವು. ಇಂದು ದಕ್ಷಿಣ ಕೊರಿಯದ ಶಾಲೆಗಳಿಗೆ 1,000ದ ಮಿತಿಯಿದೆ, ಜಪಾನಿನ ಶಾಲೆಗಳಿಗೆ 1,500ರದ್ದು. ಇಂಗ್ಲೆಂಡ್ ಸರ್ಕಾರ 2021ರಲ್ಲಿ ಶಾಲೆಗಳಿಗೆಂದೇ ಮೂರು ಲಕ್ಷ ಮೀಟರುಗಳನ್ನು ಘೋಷಿಸಿತು. ಭಾರತದಲ್ಲಿ ತರಗತಿಯ ಒಳಗಾಳಿಗೆ ಕಾನೂನಿನ ಬಲವಿರುವ ಒಂದು ಮಿತಿಯೂ ಇಲ್ಲ.

ಈ ಮಟ್ಟದ ಗಾಳಿ ತಲೆಗೆ ಏನು ಮಾಡುತ್ತದೆ ಎನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆಯುತ್ತಲೇ ಇದೆ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 22 ಮಂದಿ ವಯಸ್ಕರನ್ನು ಬೇರೆ ಬೇರೆ ಮಟ್ಟದ ಇಂಗಾಲದ ಡೈಆಕ್ಸೈಡಿನಲ್ಲಿ ಕೂರಿಸಿ ಪರೀಕ್ಷಿಸಿದಾಗ, 1,000ದಲ್ಲೇ ನಿರ್ಧಾರ ಕೈಗೊಳ್ಳುವ ಶಕ್ತಿ ಕುಂದಿದ್ದು ಕಂಡಿತು, 2,500ರಲ್ಲಿ ಇನ್ನೂ ಹೆಚ್ಚು. ಎಲ್ಲ ಅಧ್ಯಯನಗಳಲ್ಲೂ ಹೀಗೇ ಫಲಿತಾಂಶ ಬಂದಿಲ್ಲ ಎನ್ನುವುದನ್ನೂ ಹೇಳಬೇಕು. ಆದರೆ ಗಾಳಿಯಾಡದ ಕೋಣೆಯಲ್ಲಿ ತಲೆ ಭಾರವಾಗಿ ಕಣ್ಣು ಎಳೆಯುತ್ತದೆ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ.

ನನ್ನ ಪಿಎಚ್‌ಡಿ ವಿಷಯಕ್ಕೂ ಗಾಳಿಗೂ ಸಂಬಂಧವಿಲ್ಲ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಆಡುವ ಮಾತನ್ನು ಧ್ವನಿಮುದ್ರಿಸಿ ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಅದಕ್ಕಾಗಿ ಹಲವು ಶಾಲೆಗಳ ಹಿಂದಿನ ಬೆಂಚಿನಲ್ಲಿ ದಿನಗಟ್ಟಲೆ ಕೂತಿದ್ದೇನೆ. ಅಕ್ಷರಕ್ಕಿಳಿಸುವಾಗ ಮಾತಲ್ಲದ ಸದ್ದುಗಳನ್ನೂ ಗುರುತು ಹಾಕಬೇಕು: ನಗು, ಬೆಂಚು ಎಳೆದ ಸದ್ದು, ಕೆಮ್ಮು. ಬೆಳಗಿನ ಪೀರಿಯಡ್ಡಿನ ಪುಟಗಳಲ್ಲಿ ಮಾತು ತುಂಬಿರುತ್ತದೆ. ಮಧ್ಯಾಹ್ನದ ಪುಟಗಳಲ್ಲಿ ಟೀಚರ ಮಾತು, ಕೆಮ್ಮು, ಮೌನ, ಮತ್ತೆ ಕೆಮ್ಮು. "ಮಧ್ಯಾಹ್ನ ಆದ್ರೆ ಇವ್ರದ್ದು ಇಷ್ಟೇ ನೋಡಿ ಮೇಡಂ, ಉಂಡು ತೂಕಡಿಸ್ತಾವೆ" ಎಂದರು ಒಬ್ಬ ಶಿಕ್ಷಕರು. ಇದನ್ನು ಪುರಾವೆ ಎಂದು ನಾನು ಮಂಡಿಸುತ್ತಿಲ್ಲ. ಊಟವಾದ ಮೇಲೆ ಯಾರಿಗಾದರೂ ಜೊಂಪು ಹತ್ತುತ್ತದೆ. ಆದರೆ ಆ ಕೋಣೆಯ ರಸ್ತೆ ಬದಿಯ ಕಿಟಕಿಗಳಿಗೆ, ಮಕ್ಕಳು ಹೊರಗೆ ನೋಡದಿರಲೆಂದು, ಮೊಳೆ ಹೊಡೆದು ತಗಡು ಬಡಿದಿದ್ದರು. ಅನ್ನದ ಮೇಲೆ ಹೊರಿಸುವ ತಪ್ಪಿನಲ್ಲಿ ಒಂದು ಪಾಲನ್ನಾದರೂ ಆ ತಗಡಿನ ಮೇಲೆ ಹೊರಿಸಬೇಡವೇ?

ಜೊಂಪು ಹೋಗಲಿ, ರೋಗಕ್ಕೆ ಬರೋಣ. ಗಾಳಿಯ ಮೂಲಕ ಹರಡುವ ಸೋಂಕಿನ ಲೆಕ್ಕ ಹಾಕಲು ಇಂದು ಜಗತ್ತು ಬಳಸುವ ಸೂತ್ರ ಹುಟ್ಟಿದ್ದೇ ಒಂದು ಶಾಲೆಯಿಂದ. 1974ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಯ ಒಂದು ಮಗುವಿಗೆ ದಡಾರ ಬಂತು. ಆ ಒಂದು ಮಗುವಿನಿಂದ 28 ಮಕ್ಕಳಿಗೆ ಹರಡಿತು. ಆ ಮಕ್ಕಳು ಒಂದೇ ತರಗತಿಯವರಾಗಿರಲಿಲ್ಲ, 14 ಕೋಣೆಗಳಲ್ಲಿ ಹಂಚಿಹೋಗಿದ್ದರು. ಕಟ್ಟಡದ ಗಾಳಿಯಂತ್ರ ಒಂದು ಕೋಣೆಯ ಗಾಳಿಯನ್ನೇ ಇನ್ನೊಂದು ಕೋಣೆಗೆ ಹಂಚುತ್ತಿತ್ತು. ರೈಲಿ ಮತ್ತು ಸಂಗಡಿಗರು 1978ರಲ್ಲಿ ಅದರಿಂದ ತೆಗೆದ ಸೂತ್ರದಲ್ಲಿ ಮುಖ್ಯವಾಗಿ ಇರುವುದು ಸೋಂಕಿತರೆಷ್ಟು, ಎಷ್ಟು ಹೊತ್ತು ಜೊತೆಗಿದ್ದರು, ಎಷ್ಟು ಹೊಸ ಗಾಳಿ ಬಂತು ಎಂಬ ಸಂಗತಿಗಳು. ಮೊದಲ ಎರಡು ಶಾಲೆಯ ಕೈಯಲ್ಲಿಲ್ಲ. ಮೂರನೆಯದು ಪೂರ್ತಿ ಶಾಲೆಯ ಕೈಯಲ್ಲೇ ಇದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಕ್ಷಯವೂ ಗಾಳಿಯಲ್ಲೇ ಬರುತ್ತದೆ. ಅಂಥ ದೇಶದಲ್ಲಿ ಗಾಳಿಯಾಡುವ ತರಗತಿ ಎನ್ನುವುದು ಲಸಿಕೆಯಷ್ಟೇ ಮುಖ್ಯವಾದ ಸಾರ್ವಜನಿಕ ಆರೋಗ್ಯದ ವಿಷಯವಾಗಬೇಕಿತ್ತು.

ಕೋವಿಡ್ ಕಾಲ ಈ ಪಾಠವನ್ನು ನಮ್ಮ ಮುಖಕ್ಕೆ ಹಿಡಿದು ಹೇಳಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು ಕೋಣೆಗಳು ಖಾಲಿ ಇದ್ದವು. ರಿಪೇರಿಗೆ ಅಂಥ ಅವಕಾಶ ಮತ್ತೆ ಸಿಕ್ಕುವುದಿಲ್ಲ. ನಾವೇನು ಮಾಡಿದೆವು? ಹಣೆಗೆ ಗುರಿಯಿಟ್ಟು ಜ್ವರ ನೋಡುವ ಬಂದೂಕು ತಂದೆವು, ಸ್ಯಾನಿಟೈಸರ್ ಸುರಿದೆವು, ನೆಲದ ಮೇಲೆ ಸುಣ್ಣದ ವೃತ್ತ ಬರೆದೆವು. ಕಿಟಕಿ ತೆರೆದಿಡಿ ಎಂಬ ಸೂಚನೆಯೂ ಇತ್ತು. ತೆರೆಯಲು ಬಾರದ ಕಿಟಕಿಯನ್ನು ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ವಿಚಿತ್ರವೆಂದರೆ, ಆ ನಡುವೆಯೇ, 2020ರ ಆಗಸ್ಟಿನಲ್ಲಿ, ನಮ್ಮ ಶಿಕ್ಷಕರು ವಿದ್ಯಾಗಮ ಎಂಬ ಹೆಸರಿನಲ್ಲಿ ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳುಗಳಲ್ಲಿ ವಠಾರ ಶಾಲೆ ನಡೆಸಿದ್ದರು. ಸೋಂಕಿನ ಭಯದಲ್ಲಿ ಅಕ್ಟೋಬರಿಗೆ ಅದು ನಿಂತುಹೋಯಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಬೇರೆ ಮಾತು. ಆದರೆ ಬಯಲಿಗೂ ಕೋಣೆಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ಕಂಡ ಮೇಲೂ ಮಕ್ಕಳನ್ನು ಮೊದಲಿದ್ದ ಕೋಣೆಗೇ ಮೊದಲಿದ್ದ ಹಾಗೆಯೇ ವಾಪಸು ಕಳಿಸಿದೆವು.

ಮರುವರ್ಷ ಇನ್ನೊಂದು ಅವಕಾಶ ಬಂತು. 2022ರಲ್ಲಿ ರಾಜ್ಯ ಸರ್ಕಾರ 'ವಿವೇಕ' ಯೋಜನೆಯಡಿ ಸಾವಿರಾರು ಹೊಸ ಕೊಠಡಿ ಕಟ್ಟಿಸಲು ಹೊರಟಿತು. ಮಹಾಮಾರಿಯ ಬೆನ್ನಿಗೇ ಕಟ್ಟುವ ಕೊಠಡಿಗಳು. ಇಡೀ ನಾಡು ಅವುಗಳ ಬಗ್ಗೆ ವಾರಗಟ್ಟಲೆ ಜಗಳವಾಡಿತು. ಏನೆಂದು? ಗೋಡೆಗೆ ಕೇಸರಿ ಬಣ್ಣ ಬಳಿಯಬೇಕೋ ಬೇಡವೋ ಎಂದು. ಬಣ್ಣದ ರಾಜಕೀಯವನ್ನು ಪ್ರಶ್ನಿಸಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಬಳಿಯಬೇಕೆಂದವರಾಗಲಿ ಬೇಡವೆಂದವರಾಗಲಿ ಆ ಗೋಡೆಯಲ್ಲಿ ಎಷ್ಟು ಕಿಟಕಿ ಇರುತ್ತವೆ, ಎದುರು ಗೋಡೆಯಲ್ಲೂ ಇರುತ್ತವೆಯೇ ಎಂದು ಕೇಳಿದ್ದನ್ನು ನಾನು ಕಾಣಲಿಲ್ಲ. ಎಡವೂ ಬಲವೂ ಗೋಡೆಯನ್ನಷ್ಟೇ ನೋಡಿದವು.

ಭಾಷೆಯನ್ನು ಓದುವವಳಾಗಿ ಒಂದು ಪದದ ಕಥೆ ಹೇಳಬೇಕು. ನಮ್ಮ ಊರುಗಳಲ್ಲಿ 'ವೆಂಟಿಲೇಟರ್' ಎಂದರೆ ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ ಇರುವ ಸಣ್ಣ ಕಿಂಡಿ. ಕನ್ನಡದಲ್ಲಿ ಗವಾಕ್ಷಿ. ಬಿಸಿಯಾದ ಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಬರುತ್ತದೆ. ಕರೆಂಟು ಬೇಡದ ಯಂತ್ರ ಅದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಶಾಲೆಗಳು ಎತ್ತರದ ಹೆಂಚಿನ ಮಾಡನ್ನು ಹೊತ್ತವು. ಆ ಹೆಂಚುಗಳ ಸಂದಿಗಳೂ ಇದೇ ಕೆಲಸ ಮಾಡುತ್ತಿದ್ದವು. ಈಗ ಆರ್‌ಸಿಸಿ ಬಂತು. ಸೂರು ಕೆಳಗಿಳಿಯಿತು, ಗವಾಕ್ಷಿ ಮುಚ್ಚಿತು. ಜೇಡ ಕಟ್ಟುತ್ತದೆ, ಪಾರಿವಾಳ ಬರುತ್ತದೆ, ಮಳೆ ಇರಚಲು ಹೊಡೆಯುತ್ತದೆ ಎಂದು ಇದ್ದ ಕಿಂಡಿಗೂ ಗಾಜು ಕೂರಿಸಿ ಭದ್ರ ಮಾಡಿದರು. 2020ರ ಹೊತ್ತಿಗೆ ವೆಂಟಿಲೇಟರ್ ಎಂದರೆ ಆಸ್ಪತ್ರೆಯ ಐಸಿಯುನಲ್ಲಿ ಕೊನೆಯುಸಿರಿಗೆ ಜೋತು ಬಿದ್ದವರಿಗೆ ಹಾಕುವ ಯಂತ್ರ ಎಂದಾಯಿತು. ಗೋಡೆಯಲ್ಲಿದ್ದಾಗ ಬೆಲೆಯಿಲ್ಲದ ಪದಕ್ಕೆ ಆಸ್ಪತ್ರೆಗೆ ಹೋದ ಮೇಲೆ ಲಕ್ಷಗಟ್ಟಲೆ ಬೆಲೆ ಬಂತು.

ಇಲ್ಲಿ ಯಾರಾದರೂ ಎದ್ದು ಕೇಳಬಹುದು: ಕಿಟಕಿ ತೆಗೆದರೆ ಹೊರಗಿನ ಹೊಗೆ ಒಳಬರುವುದಿಲ್ಲವೇ? ಬರುತ್ತದೆ. ನಿಜವಾದ ಕಷ್ಟ ಇರುವುದು ಅಲ್ಲೇ, ಮತ್ತು ಅದು ಎಲ್ಲ ಮಕ್ಕಳಿಗೂ ಸಮನಾಗಿ ಹಂಚಿಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ನಗರದ 12 ಶಾಲೆಗಳ 6,550 ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾಹನ ಕಡಿಮೆ ಇರುವ ಪ್ರದೇಶದ ಶಾಲೆಗಳಲ್ಲಿ ನೂರಕ್ಕೆ 11 ಮಕ್ಕಳಿಗೆ ಆಸ್ತಮಾ ಇತ್ತು. ವಾಹನದಟ್ಟಣೆಯ ಪ್ರದೇಶದ ಶಾಲೆಗಳಲ್ಲಿ 19 ಮಕ್ಕಳಿಗೆ. ವಾಹನದಟ್ಟಣೆಯೂ ಇದ್ದು, ಮಕ್ಕಳು ಬಡ ಕುಟುಂಬದವರೂ ಆಗಿದ್ದ ಶಾಲೆಗಳಲ್ಲಿ 31 ಮಕ್ಕಳಿಗೆ. ಈ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಿ. ಒಂದೇ ಊರು, ಒಂದೇ ವಯಸ್ಸು, ಹನ್ನೊಂದರಿಂದ ಮೂವತ್ತೊಂದಕ್ಕೆ ಜಿಗಿತ. ಆ ಮಕ್ಕಳಿಗೆ ಇಂದು ಮಕ್ಕಳಾಗಿರಬಹುದು. ಬೆಂಗಳೂರಿನ ವಾಹನಗಳ ಕಥೆ ಹೇಳಬೇಕಿಲ್ಲ. ನಮ್ಮದೇ ಊರಿನ, ನಮ್ಮದೇ ವೈದ್ಯರ ಈ ಎಚ್ಚರಿಕೆ ಪತ್ರಿಕೆಯ ಸುದ್ದಿಯಾಯಿತು, ಭಾಷಣದ ಸಾಲಾಯಿತು. ಶಾಲೆ ಕಟ್ಟುವ ನಿಯಮವಾಗಲಿಲ್ಲ.

ಶ್ವಾಸಕೋಶವಷ್ಟೇ ಅಲ್ಲ. ಸ್ಪೇನಿನ ಬಾರ್ಸಿಲೋನಾದಲ್ಲಿ 39 ಶಾಲೆಗಳ ಏಳರಿಂದ ಹತ್ತು ವರ್ಷದ 2,715 ಮಕ್ಕಳನ್ನು ಒಂದು ವರ್ಷ ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ವಾಹನದ ಹೊಗೆ ಹೆಚ್ಚಿರುವ ಶಾಲೆಗಳ ಮಕ್ಕಳಲ್ಲಿ ಕೆಲಸದ ನೆನಪು ನಿಧಾನವಾಗಿ ಬೆಳೆಯುತ್ತದೆ ಎಂದು ತೋರಿಸಿತು. ಕೆಲಸದ ನೆನಪು ಎಂದರೆ ದಶಕ ಕೈಯಲ್ಲಿ ಹಿಡಿದು ಕೂಡುವ ಲೆಕ್ಕ ಮಾಡುವಾಗ ಬೇಕಾಗುವ ನೆನಪು. ಅಂಥ ಮಗುವನ್ನು ನಾವು 'ಮಂದ' ಎಂದು ಕರೆದು ಪರಿಹಾರ ಬೋಧನೆಗೆ ಕೂರಿಸುತ್ತೇವೆ. ಅದೂ ಅದೇ ಕೋಣೆಯಲ್ಲಿ, ಶಾಲೆ ಬಿಟ್ಟ ಮೇಲೆ, ರಸ್ತೆ ತುಂಬ ವಾಹನವಿರುವ ಹೊತ್ತಿನಲ್ಲಿ.

ಕಾನೂನು ಇಲ್ಲೂ ಹೊಸ್ತಿಲ ಹೊರಗೇ ನಿಂತಿದೆ. 1981ರ ವಾಯು ಕಾಯ್ದೆ, 2009ರ ರಾಷ್ಟ್ರೀಯ ಮಾನದಂಡ ಎರಡೂ ಬಯಲಿನ ಗಾಳಿಗೆ ಸಂಬಂಧಿಸಿದವು. 2019ರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ನಮ್ಮ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಅಲ್ಲೂ ಅಳೆಯುವುದು ಊರಿನ ಗಾಳಿಯನ್ನು, ಕೋಣೆಯದ್ದನ್ನಲ್ಲ. ಹೊರಗಿನ ಗಾಳಿಗೇ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಸೂಕ್ಷ್ಮ ಧೂಳು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ದೆಹಲಿಯಲ್ಲಿ ನವೆಂಬರ್ ಬಂದರೆ ಶಾಲೆಗೆ ರಜೆ ಕೊಡುವುದು ರೂಢಿಯಾಗಿದೆ. ರಜೆ ಕೊಟ್ಟರೆ ಮಗು ಎಲ್ಲಿಗೆ ಹೋಗುತ್ತದೆ? ಗಾಳಿ ಇಲ್ಲದ ಇನ್ನೊಂದು ಕೋಣೆಗೆ, ಅಥವಾ ಅದೇ ಹೊಗೆಯ ರಸ್ತೆಗೆ, ಮಧ್ಯಾಹ್ನದ ಊಟವನ್ನೂ ಕಳೆದುಕೊಂಡು.

ಇನ್ನು ದುಡ್ಡಿದ್ದವರ ಪರಿಹಾರ ನೋಡಿ. ನಗರದ ಫ್ಲೆಕ್ಸುಗಳಲ್ಲಿ 'ಸಂಪೂರ್ಣ ಎಸಿ ಕ್ಯಾಂಪಸ್' ಎಂಬ ಜಾಹೀರಾತು ಕಾಣುತ್ತದೆ. ಗೋಡೆಗೆ ತೂಗುಹಾಕುವ ಮಾಮೂಲಿ ಎಸಿ ಹೊರಗಿನಿಂದ ಹೊಸ ಗಾಳಿಯನ್ನು ತರುವುದಿಲ್ಲ. ಒಳಗಿದ್ದದ್ದನ್ನೇ ತಂಪು ಮಾಡಿ ತಿರುಗಿ ಒಳಗೇ ಬಿಡುತ್ತದೆ. ಅಂದರೆ ಲಕ್ಷ ರೂಪಾಯಿ ಶುಲ್ಕ ಕೊಟ್ಟ ಮಗುವಿಗೂ ಸಿಗುವುದು ಎಂಜಲೇ, ತಂಪು ಮಾಡಿದ ಎಂಜಲು. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿಗೆ ಕತ್ತಲೆ ಬೇಕೆಂದು ಪರದೆ ಎಳೆದರೆ ಅದು ಇನ್ನಷ್ಟು ಗಟ್ಟಿ. ಮುಂದಿನ ಹೆಜ್ಜೆ ಏರ್ ಪ್ಯೂರಿಫೈಯರ್. ಅದು ಧೂಳನ್ನು ಹಿಡಿಯುತ್ತದೆ, ರಸ್ತೆ ಬದಿಯ ಕೋಣೆಗೆ ಉಪಯೋಗಕ್ಕೂ ಬರುತ್ತದೆ. ಆದರೆ ಇಂಗಾಲದ ಡೈಆಕ್ಸೈಡನ್ನು ಅದು ಮುಟ್ಟುವುದಿಲ್ಲ, ಫಿಲ್ಟರ್ ಬದಲಿಸದಿದ್ದರೆ ಕೆಲಸವನ್ನೂ ಮಾಡುವುದಿಲ್ಲ. ನಲ್ಲಿ ನೀರನ್ನು ಸರಿಮಾಡುವ ಬದಲು ಬಾಟಲಿ ನೀರಿಗೆ ಬಾಯಿ ಒಡ್ಡಿದ ನಾವು ಗಾಳಿಯ ವಿಷಯದಲ್ಲೂ ಅದೇ ದಾರಿ ಹಿಡಿದರೆ, ಶುದ್ಧ ಉಸಿರು ಕೂಡ ಶುಲ್ಕದ ಪಟ್ಟಿಯಲ್ಲಿ ಒಂದು ಕಲಮಾಗುತ್ತದೆ. ರವೀಂದ್ರನಾಥ ಟ್ಯಾಗೋರರ ಗಿಳಿಯ ಕಥೆಯಲ್ಲಿ ಗಿಳಿಗೆ ವಿದ್ಯೆ ಕಲಿಸಲು ರಾಜ ಬಂಗಾರದ ಪಂಜರ ಮಾಡಿಸುತ್ತಾನೆ. ಎಲ್ಲರೂ ಪಂಜರವನ್ನು ಹೊಗಳುತ್ತಾರೆ, ಗಿಳಿ ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಆ ಕಥೆ ಬರೆದವರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದು ಮರದ ಕೆಳಗೆ ಮಕ್ಕಳನ್ನು ಕೂರಿಸಿದ್ದರು. ನಾವು ಅದನ್ನು ಕವಿಯ ಕನಸು ಎಂದು ಮೆಚ್ಚಿ ಸುಮ್ಮನಾದೆವು.

"ಶೌಚಾಲಯಕ್ಕೇ ನೀರಿಲ್ಲ, ಶಿಕ್ಷಕರೇ ಇಲ್ಲ, ನೀವು ಗಾಳಿಯ ಮಾತಾಡುತ್ತೀರಲ್ಲ" ಎನ್ನುವವರಿದ್ದಾರೆ. ನಾನು ಗೌರವದಿಂದ ಕೇಳಿಸಿಕೊಳ್ಳುವ ಆಕ್ಷೇಪ ಇದು. ಆದರೆ ಒಂದು ಹಕ್ಕು ಸಿಕ್ಕಿಲ್ಲವೆಂಬುದು ಇನ್ನೊಂದನ್ನು ಕೇಳದಿರಲು ಕಾರಣವಾಗುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸವೂ ಇದೇ. ಮ್ಯೂನಿಕ್‌ನಲ್ಲಿ, ಸೋಲ್‌ನಲ್ಲಿ ಚಳಿಗಾಲದಲ್ಲಿ ಕಿಟಕಿ ತೆರೆದರೆ ಕೋಣೆ ಕಾಯಿಸಿದ ಇಂಧನ ದಂಡ. ಬಾಗಲಕೋಟೆಯಲ್ಲಿ, ತುಮಕೂರಿನಲ್ಲಿ ಕಿಟಕಿ ತೆರೆದರೆ ದಂಡವಾಗುವುದೇನು? ವರ್ಷದ ಬಹುಪಾಲು ದಿನ ಕಿಟಕಿ ತೆರೆದಿಡಬಲ್ಲ ಹವೆ ನಮ್ಮದು. ಮಲೆನಾಡು ಕರಾವಳಿಯ ಜೂನ್ ಜುಲೈ ಮಳೆಗೆ ಬೇಕಾದದ್ದು ಒಂದು ಅಗಲವಾದ ಸಜ್ಜಾ, ಸೂರಿನ ಕೆಳಗೊಂದು ಗವಾಕ್ಷಿ. ಚಳಿಯ ದೇಶಗಳು ದುಡ್ಡು ಸುರಿದು ಪಡೆಯುವುದನ್ನು ನಾವು ಬಿಟ್ಟಿ ಸಿಕ್ಕರೂ ಬೇಡವೆನ್ನುತ್ತಿದ್ದೇವೆ.

"ನಾವೂ ಇಂಥ ಶಾಲೆಯಲ್ಲೇ ಓದಿದೆವು, ನಮಗೇನಾಯಿತು?" ಎನ್ನುವುದು ಎರಡನೆಯ ಮಾತು. ಇದನ್ನು ಹೇಳುವವರು ಓದಿ ದಾಟಿ ಬಂದವರು. ವೀಸಿಂಗು ಹೆಚ್ಚಾಗಿ ಹಾಜರಿ ಕಡಿಮೆಯಾಗಿ ಏಳನೇ ತರಗತಿಗೆ ಶಾಲೆ ಬಿಟ್ಟವರು ಇಂಥ ಚರ್ಚೆಗೆ ಬಂದು ಹೇಳುವುದಿಲ್ಲ. ಜೊತೆಗೆ ಆಗಿನ ರಸ್ತೆ ಈಗಿನ ರಸ್ತೆಯಲ್ಲ, ಆಗಿನ ಹೆಂಚಿನ ಮಾಡು ಈಗಿನ ಸ್ಲ್ಯಾಬಲ್ಲ. ಮಗುವಿನ ಶ್ವಾಸಕೋಶ ಬೆಳೆಯುತ್ತಲೇ ಇರುವ ಅಂಗ, ದೇಹದ ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಹೇಳಿದ್ದು, ಕೊಳಕು ಗಾಳಿಯ ಊರಿನ ಮಕ್ಕಳ ಶ್ವಾಸಕೋಶ ಹದಿನೆಂಟಾದರೂ ಪೂರ್ತಿ ಬೆಳೆದಿರಲಿಲ್ಲ ಎಂದು. ಅದೇ ಅಧ್ಯಯನ 2015ರಲ್ಲಿ, ಗಾಳಿ ಶುದ್ಧವಾದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶ ಚೆನ್ನಾಗಿ ಬೆಳೆದಿದೆ ಎಂದಿತು. ಹಾನಿ ನಿಜ, ಪರಿಹಾರವೂ ನಿಜ.

ಹಾಗಾದರೆ ಏನು ಕೇಳಬೇಕು? ನನ್ನ ಲೆಕ್ಕದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡು 1,000ದ ಕೆಳಗೆ ಉಳಿಯಬೇಕಾದರೆ ಒಳಗಿನ ಗಾಳಿ ಗಂಟೆಗೆ ಏಳೆಂಟು ಸಲ ಪೂರ್ತಿ ಬದಲಾಗಬೇಕು. ಎದುರುಬದುರು ಗೋಡೆಗಳಲ್ಲಿ ತೆರೆದ ಕಿಟಕಿಗಳಿದ್ದು ಸ್ವಲ್ಪ ಗಾಳಿ ಬೀಸಿದರೂ ಇದು ಸಾಧ್ಯ. ಒಂದೇ ಗೋಡೆಯ ಕಿಟಕಿಯಿಂದ ಕಷ್ಟ. ಸೀಲಿಂಗ್ ಫ್ಯಾನಿನಿಂದ ಅಸಾಧ್ಯ, ಅದು ಇದ್ದದ್ದನ್ನೇ ಕಲಕುತ್ತದೆ. ಆದ್ದರಿಂದ ಮೊದಲ ಬೇಡಿಕೆ: ಎದುರುಬದುರು ಕಿಟಕಿ ಮತ್ತು ಗವಾಕ್ಷಿ ಇಲ್ಲದ ನಕ್ಷೆಗೆ ಸರ್ಕಾರದ ಒಂದು ರೂಪಾಯಿಯೂ ಹೋಗಕೂಡದು, ಖಾಸಗಿ ಶಾಲೆಗೆ ಮಾನ್ಯತೆಯೂ ಸಿಗಕೂಡದು. ಎರಡನೆಯದು, ಮೊಳೆ ಹೊಡೆದ ಕಿಟಕಿಗಳ ಮೊಳೆ ಕೀಳಬೇಕು, ಸೊಳ್ಳೆ ಬಂದರೆ ಜಾಲರಿ ಹಾಕಬೇಕು. ಮೂರನೆಯದು, ಕೆಲವೇ ಸಾವಿರಕ್ಕೆ ಸಿಗುವ ಮೀಟರನ್ನು ಪ್ರತಿ ಕ್ಲಸ್ಟರಿಗೆ ಒಂದರಂತೆ ಕೊಟ್ಟು, ಸಿಆರ್‌ಪಿ ಭೇಟಿ ಕೊಟ್ಟಾಗ ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕದ ಜೊತೆಗೆ ಕೋಣೆಯ ಗಾಳಿಯನ್ನೂ ಬರೆದುಕೊಳ್ಳಬೇಕು. ಯುಡೈಸ್ ನಮೂನೆ ಕೋಣೆಗೆ ಸಣ್ಣ ರಿಪೇರಿ ಬೇಕೋ ದೊಡ್ಡ ರಿಪೇರಿ ಬೇಕೋ ಎಂದು ಕೇಳುತ್ತದೆ. ಅಳೆದ ಗಾಳಿಗೂ ಅಲ್ಲೊಂದು ಕಾಲಂ ಬೇಕು. ಅಳೆಯದ ಯಾವುದಕ್ಕೂ ಈ ದೇಶದಲ್ಲಿ ಅನುದಾನ ಬಂದದ್ದಿಲ್ಲ.

ಇನ್ನು ಕೆಲವಕ್ಕೆ ಬೆಂಗಳೂರಿನ ಆದೇಶವೂ ಬೇಕಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮಕ್ಕಳ ಕೈಯಲ್ಲೇ ಕಸ ಗುಡಿಸಿ, ಎದ್ದ ಧೂಳು ನೆಲ ಸೇರುವ ಮೊದಲೇ ಅವರನ್ನು ಒಳಗೆ ಕೂರಿಸುವುದು ನಿಲ್ಲಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆ ಧೂಳು ಏಳುವುದೇ ಇಲ್ಲ. ಬೋರ್ಡಿನ ಡಸ್ಟರನ್ನು ಒಳಗಿನ ಗೋಡೆಗೆ ಬಡಿಯಬಾರದು, ಸೀಮೆಸುಣ್ಣದ ಪುಡಿ ಮೊದಲು ಹೋಗುವುದು ಶಿಕ್ಷಕರ ಗಂಟಲಿಗೇ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಸಾಲುಗಟ್ಟಿ ನಿಲ್ಲುವ ವ್ಯಾನು, ಆಟೋಗಳು ಎಂಜಿನ್ ಆರಿಸಬೇಕು. ಎರಡು ಪೀರಿಯಡ್ಡಿನ ನಡುವೆ ಐದು ನಿಮಿಷ ಬಾಗಿಲು ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಬಿಡಬೇಕು. ಇವೆಲ್ಲ ಎಸ್‌ಡಿಎಂಸಿಯ ಒಂದು ಸಭೆಯಲ್ಲಿ ತೀರ್ಮಾನವಾಗುವ ವಿಷಯಗಳು.

ಕನ್ನಡದಲ್ಲಿ ಗಾಳಿಗೆ ಯಾಕೋ ಮರ್ಯಾದೆ ಕಡಿಮೆ. ನಂಬಲಾಗದ್ದು ಗಾಳಿಮಾತು, ಗಟ್ಟಿಯಲ್ಲದ್ದು ಗಾಳಿಗೋಪುರ, ನಿಯಮ ಮುರಿದರೆ ಗಾಳಿಗೆ ತೂರಿದರು ಎನ್ನುತ್ತೇವೆ. ಕಾಣದ್ದು ಇಲ್ಲವೇ ಇಲ್ಲ ಎಂದು ಭಾಷೆಯೇ ನಮಗೆ ಕಲಿಸಿದ ಹಾಗಿದೆ. ಈ ಪತ್ರಿಕೆಯನ್ನು ಓದುವವರಲ್ಲಿ ನಾಳೆ ಶಿಕ್ಷಕರಾಗುವವರಿದ್ದೀರಿ, ಪೋಷಕರಾಗುವವರಿದ್ದೀರಿ, ಶಾಲೆಯ ಬಗ್ಗೆ ಕಥೆ ಕವಿತೆ ಬರೆಯುವವರಿದ್ದೀರಿ. ಮುಂದಿನ ಸಲ ಯಾವುದೇ ಶಾಲೆಯ ಕಾರ್ಯಕ್ರಮಕ್ಕೆ ಹೋದಾಗ ಗೋಡೆಯ ಬಣ್ಣ, ಗೋಡೆಯ ಮೇಲಿನ ಸೂಕ್ತಿ ನೋಡಿ ಬರಬೇಡಿ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ, ನಲವತ್ತು ಮಕ್ಕಳು ಕೂತಿರುವ ಕೋಣೆಯೊಳಗೆ ಕಾಲಿಟ್ಟು ಒಮ್ಮೆ ಮೂಗು ತುಂಬ ಉಸಿರೆಳೆಯಿರಿ. ಆಮೇಲೆ ಮುಖ್ಯ ಶಿಕ್ಷಕರನ್ನು ಕೇಳಿ: ಈ ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಸರ್? ಅವರಲ್ಲಿ ಉತ್ತರವಿರುವುದಿಲ್ಲ. ಅದು ಅವರ ತಪ್ಪೂ ಅಲ್ಲ, ಅವರನ್ನು ಯಾರೂ ಇದುವರೆಗೆ ಕೇಳಿಲ್ಲ. ಬ್ಯಾಗನ್ನು ತಕ್ಕಡಿಗೆ ಹಾಕಿದ್ದೂ ಎಷ್ಟೋ ಜನ ಎಷ್ಟೋ ವರ್ಷ ಬಿಡದೆ ಕೇಳಿದ ಮೇಲೆಯೇ.